ಉಸ್ತುವಾರಿ, ನಿಗಾ, ಮೇಲ್ವಿಚಾರಣೆ: ಸಂಸತ್ತು ಖರ್ಚಿನ ಲೆಕ್ಕ ಕೇಳುವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿ ಕಡೆಯ ಕಾಲೇಜು ಮಕ್ಕಳಿಗೆಂದು ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಸರ್ಕಾರಿ ಇಲಾಖೆಗಳು ಖರ್ಚು ಮಾಡುವ ದುಡ್ಡಿನ ಮೇಲೆ ಸಂಸತ್ತು ಹೇಗೆ ಕಣ್ಣಿಡುತ್ತದೆ ಅನ್ನುವುದು ವಿಷಯ. ಇಂಗ್ಲಿಷಿನಲ್ಲಿ ‘ಓವರ್‌ಸೈಟ್’ ಅಂದುಬಿಡುತ್ತಾರೆ. ಕನ್ನಡದಲ್ಲಿ ಏನು ಹಾಕಲಿ?

ಮೊದಲು ‘ಉಸ್ತುವಾರಿ’ ಅಂದುಕೊಂಡೆ. ಆದರೆ ಪೇಪರ್ ತೆರೆದರೆ ದಿನಾ ‘ಜಿಲ್ಲಾ ಉಸ್ತುವಾರಿ ಸಚಿವರು’. ಸಚಿವರು ಖರ್ಚು ಮಾಡುವ ಕಡೆಯವರು. ಆ ಖರ್ಚಿನ ಲೆಕ್ಕ ಕೇಳುವ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಲೋಕಸಭೆಯಿಂದ 15, ರಾಜ್ಯಸಭೆಯಿಂದ 7, ಒಟ್ಟು 22 ಜನ ಇರುತ್ತಾರೆ. ಅದರಲ್ಲಿ ಸಚಿವರು ಸದಸ್ಯರಾಗುವಂತೆಯೇ ಇಲ್ಲ. ಸದಸ್ಯರಾಗಿದ್ದವರು ಮಧ್ಯೆ ಮಂತ್ರಿಯಾದರೆ ಸಮಿತಿ ಬಿಡಬೇಕು. 1967ರಿಂದ ಅಧ್ಯಕ್ಷರ ಕುರ್ಚಿಯನ್ನು ವಿರೋಧ ಪಕ್ಷದವರಿಗೆ ಕೊಡುವ ರೂಢಿಯೂ ಇದೆ. ಹೀಗಿರುವಾಗ ‘ಸಂಸತ್ತಿನ ಉಸ್ತುವಾರಿ’ ಎಂದು ಬರೆದರೆ ಮಕ್ಕಳು ಲೆಕ್ಕ ಕೊಡಬೇಕಾದವರನ್ನೇ ಲೆಕ್ಕ ಕೇಳುವವರು ಅಂದುಕೊಳ್ಳುತ್ತಾರೆ, ಅಲ್ವಾ?

‘ನಿಗಾ’ ಚಿಕ್ಕದು, ಚೊಕ್ಕದು. ಆದರೆ ನಮ್ಮಲ್ಲಿ ಅದು ತೋಟಕ್ಕೆ ಇಳಿದ ಆನೆ ಮೇಲೆ ಅರಣ್ಯ ಇಲಾಖೆಯವರು ಇಡುವಂಥದ್ದು. ಇಲ್ಲ, ಆಸ್ಪತ್ರೆಯ ತೀವ್ರ ನಿಗಾ ಘಟಕ. ಪ್ರಶ್ನೆ ಕೇಳಿ ಉತ್ತರ ಪಡೆಯುವ ಅರ್ಥ ಅದರಲ್ಲಿ ಇಲ್ಲವೇ ಇಲ್ಲ.

ಇನ್ನು ‘ಮೇಲ್ವಿಚಾರಣೆ’. ಕಾಫಿ ತೋಟದಲ್ಲಿ ಮೇಸ್ತ್ರಿ ಕೆಲಸದವರ ಜೊತೆ ನಿಂತು ನೋಡಿಕೊಳ್ಳುತ್ತಾನಲ್ಲ, ಅದು ಮೇಲ್ವಿಚಾರಣೆ. ಆಮೇಲೆ ಯಜಮಾನರು ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಮುಂದಿಟ್ಟುಕೊಂಡು ತೋಟದ ಲೆಕ್ಕ ಬರೆಯುವ ರೈಟರನ್ನು ಕರೆದು ‘ಈ ವಾರ ಇಷ್ಟು ಆಳು ಹೇಗೆ ಬಂತು?’ ಎಂದು ಕೇಳುವುದು ಬೇರೆಯೇ ಕೆಲಸ. ಲೆಕ್ಕಪತ್ರ ಸಮಿತಿಯದು ಈ ಎರಡನೆಯದು. ದುಡ್ಡು ಖರ್ಚಾಗಿ, ಆಡಿಟ್ ಮುಗಿದು, ಸಿಎಜಿ (ಸರ್ಕಾರದ ಲೆಕ್ಕ ಆಡಿಟ್ ಮಾಡುವ ದೇಶದ ಮುಖ್ಯ ಅಧಿಕಾರಿ) ವರದಿ ಸಂವಿಧಾನದ 151ನೇ ವಿಧಿಯಂತೆ ರಾಷ್ಟ್ರಪತಿಯವರ ಕೈಸೇರಿ ಎರಡೂ ಸದನಗಳ ಮುಂದೆ ಬಂದ ಮೇಲೆ ಸಮಿತಿ ಅದನ್ನು ಕೈಗೆತ್ತಿಕೊಳ್ಳುತ್ತದೆ. ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ ಕೇಳುತ್ತದೆ. ಇದಕ್ಕೆ ನನ್ನ ಮಟ್ಟಿಗೆ ‘ಲೆಕ್ಕ ಕೇಳುವುದು’ ಅನ್ನುವುದೇ ಸರಿಯಾದ ಮಾತು. ತೊಂದರೆ ಏನೆಂದರೆ, ಖರ್ಚಿಗೆ ಮುಂಚೆ ನಡೆಯುವುದು ಅದರೊಳಗೆ ಬರುವುದಿಲ್ಲ. ಸಂಸತ್ತಿನ ಇಲಾಖೆವಾರು ಸ್ಥಾಯಿ ಸಮಿತಿಗಳು 1993ರಿಂದ ಬೇಡಿಕೆಗಳನ್ನು, ಅಂದರೆ ಇಲಾಖೆಗಳು ಖರ್ಚಿಗೆಂದು ಕೇಳುವ ಅನುದಾನವನ್ನು, ಮೊದಲೇ ನೋಡುತ್ತಿವೆ. ಲೋಕಸಭೆಯಲ್ಲಿ ಒಬ್ಬ ಸದಸ್ಯರು ಖೋತಾ (ಕಡಿತ) ಸೂಚನೆ ತಂದು, ಒಂದು ಇಲಾಖೆಯ ಇಡೀ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನಬಹುದು. ಆ ನೀತಿಯೇ ನಮಗೆ ಒಪ್ಪಿಗೆಯಿಲ್ಲ ಎಂದು ಅದರ ಅರ್ಥ. ಇದನ್ನು ಲೆಕ್ಕ ಕೇಳುವುದು ಎನ್ನಲಾಗದು. ಮುಂಚಿನದಕ್ಕೆ ‘ಪರಿಶೀಲನೆ’, ಆಮೇಲಿನದಕ್ಕೆ ‘ಲೆಕ್ಕ ಕೇಳುವುದು’ ಎಂದು ಎರಡು ಪದ ಇಟ್ಟುಕೊಂಡರೆ ಹೇಗೆ? ಸುಮ್ನೆ ಒಂದೇ ಪದಕ್ಕೆ ಹಟ ಹಿಡಿಯಬೇಕಿಲ್ಲ ಅನ್ನುವುದು ನನ್ನ ಅನಿಸಿಕೆ. ಆದರೆ ಪುಸ್ತಿಕೆಗೆ ಒಂದು ಹೆಸರು ಬೇಕಲ್ಲ!

‘ಕಂಡಿಕೆ’ಯ ಬಗ್ಗೆಯೂ ಕೇಳಬೇಕು. ಆಡಿಟ್ ವರದಿಯ ಪ್ಯಾರಾಗೆ ಸರ್ಕಾರಿ ಕನ್ನಡದಲ್ಲಿ ಇದೇ ಪದ. ‘ಆಕ್ಷೇಪಣಾ ಕಂಡಿಕೆ’, ‘ಕಂಡಿಕೆ ತೀರುವಳಿ’ ಎಂದೆಲ್ಲ ಬರುತ್ತದೆ. ಆಫೀಸಿನವರು ಮಾತಾಡುವಾಗ ‘ಪ್ಯಾರಾ ಬಿದ್ದಿದೆ’ ಅನ್ನುತ್ತಾರೆ. ‘ತೀರುವಳಿ’ ನನಗೆ ಬಹಳ ಹಿಡಿಸಿತು, ಸಾಲ ತೀರಿದ ಹಾಗೆ ಕೇಳುತ್ತದೆ. ಕಂಡಿಕೆ ಮಾತ್ರ ಮಕ್ಕಳಿಗೆ ಹೊಸದು. ಅದನ್ನೇ ಉಳಿಸಿ ಒಮ್ಮೆ ವಿವರಿಸಲೋ, ಆಕ್ಷೇಪಣೆ ಎಂದುಬಿಡಲೋ? ಆಡಿಟ್‌ನವರು ಬರೆದ ಎಲ್ಲವೂ ಆಕ್ಷೇಪಣೆಯೇ ಆಗಿರುವುದಿಲ್ಲ.

‘ಮಹಾಲೇಖಪಾಲ’ದಲ್ಲೂ ಗೊಂದಲವಿದೆ. ಪೇಪರಿನವರು ಸಿಎಜಿಗೂ ಅದನ್ನೇ ಬರೆಯುತ್ತಾರೆ, ಬೆಂಗಳೂರಿನಲ್ಲಿ ಸಿಎಜಿ ಕೈಕೆಳಗಿರುವ ಎಜಿ (ಅಕೌಂಟೆಂಟ್ ಜನರಲ್) ಕಚೇರಿಗೂ ಅದನ್ನೇ. ನಾನು ಸಿಎಜಿ ಎಂದೇ ಇಟ್ಟಿದ್ದೇನೆ.

‘ಜಮಾಬಂದಿ’ ಯಾಕಾಗಬಾರದು ಎಂದು ಸ್ನೇಹಿತರೊಬ್ಬರು ಕೇಳಿದರು. ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಜಮೆ–ಖರ್ಚನ್ನು ಊರವರ ಮುಂದೆ ಇಡುವುದಕ್ಕೆ ಈಗ ಅದೇ ಹೆಸರು. ಹಿಂದೆ ಅದು ಭೂಕಂದಾಯದ ಮಾತಾಗಿತ್ತು. ಕೊಡಗಿನಲ್ಲಿ ಇನ್ನೊಂದು ತಮಾಷೆ: ಜಮಾಬಂದಿ ಅಂದರೆ ಹಳಬರ ಕಿವಿಗೆ ಜಮ್ಮಾ ಜಾಗದ (ಇಲ್ಲಿನ ವಂಶಪಾರಂಪರ್ಯ ಹಿಡುವಳಿ ಭೂಮಿ) ವಿಷಯದಂತೆ ಕೇಳುತ್ತದೆ. ಜಮ್ಮಾ ಬಂದದ್ದು ‘ಜನ್ಮ’ದಿಂದ, ಜಮಾ ಅರಬ್ಬಿ ಮೂಲದ್ದು. ಎರಡಕ್ಕೂ ನಂಟಿಲ್ಲ. ಏನೇ ಆಗಲಿ, ಸಂಸತ್ತಿಗೆ ಆ ಪದ ಹೊಂದುವುದಿಲ್ಲ.

ಈಗ ಕೊಡಗಿನವರಲ್ಲಿ ಒಂದು ಕೋರಿಕೆ. 1924ರಿಂದಲೇ ಇಲ್ಲಿ ಲೆಜಿಸ್ಲೇಟಿವ್ ಕೌನ್ಸಿಲ್ ಇತ್ತು. 1952ರಿಂದ 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಗುವವರೆಗೆ 24 ಸದಸ್ಯರ ನಮ್ಮದೇ ವಿಧಾನಸಭೆ ಇತ್ತು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. ಅಂದರೆ ಮಡಿಕೇರಿಯಲ್ಲೇ ಬಜೆಟ್ ಮಂಡನೆ, ಅಲ್ಲೇ ಚರ್ಚೆ. ಅನುದಾನ, ಖೋತಾ ಸೂಚನೆ, ಆಡಿಟ್ ಆಕ್ಷೇಪಣೆ ಇವಕ್ಕೆಲ್ಲ ಆಗಿನ ಕೊಡಗಿನ ಕನ್ನಡ ಪತ್ರಿಕೆಗಳು ಯಾವ ಪದ ಬಳಸಿದವು? ಯಾರ ಮನೆಯ ಅಟ್ಟದಲ್ಲಾದರೂ ಆ ವರ್ಷಗಳ ಪೇಪರ್ ಉಳಿದಿದ್ದರೆ ಬಜೆಟ್ ಸುದ್ದಿಯ ಪುಟದ ಫೋಟೊ ತೆಗೆದು ಕಳಿಸಿ. ಕೊಡವ ತಕ್ಕ್, ಅರೆಭಾಷೆಯಲ್ಲಿ ಲೆಕ್ಕ ಕೇಳುವುದಕ್ಕೆ ಬೇರೆ ಮಾತಿದ್ದರೆ ಅದನ್ನೂ ಹೇಳಿ. ಪುಸ್ತಿಕೆ ಹುತ್ತರಿ ಹಬ್ಬಕ್ಕೆ ಮುಂಚೆ ಅಚ್ಚಿಗೆ ಹೋಗಬೇಕು.