ಹೋಮೋಜಿನೈಜರ್ ತಗೊಳ್ಳೋರು ಇಲ್ಲಿ ಕೇಳಿ, ಎಂಜಿನಿಯರ್ ಮೇಡಂ ಉತ್ತರ ಕೊಡ್ತಾರೆ

ಅಡ್ಮಿನ್: ಡೈರಿ ಪ್ಲಾಂಟ್ ಇರೋರು ತುಂಬಾ ಜನ ಯಾವ ಹೋಮೋಜಿನೈಜರ್ (ಕೊಬ್ಬಿನ ಕಣ ಒಡೆದು ಕೆನೆ ಕಟ್ಟದ ಹಾಗೆ ಮಾಡೋ ಮಷಿನ್) ತಗೊಳ್ಳೋದು ಅಂತ ಕೇಳ್ತಾ ಇದ್ರಿ. ಇವತ್ತು ಸಂಜೆ ಮೇಡಂ ಇಲ್ಲೇ ಇರ್ತಾರೆ. ಎಷ್ಟು ಲೀಟರ್, ಏನು ಮಾಡ್ತೀರಿ ಅಂತ ಸರಿಯಾಗಿ ಬರೆದು ಕೇಳಿ, ಸುಮ್ನೆ ಹಾಯ್ ಅಂತ ಹಾಕ್ಬೇಡಿ.

ಮಾಲೂರು: ನಮಸ್ತೆ ಮೇಡಂ, ಗಂಟೆಗೆ 2000 ಲೀಟರ್ ಪಾಶ್ಚರೈಸರ್ ಇದೆ, ಟೋನ್ಡ್ ಹಾಲು ಪ್ಯಾಕೆಟ್, ಸ್ವಲ್ಪ ಮೊಸರು. ಒಬ್ರು 10 ಹೆಚ್‌ಪಿ ಮೋಟರ್ ಸಾಕು ಅಂತಾರೆ, ಇನ್ನೊಬ್ರು 20 ಬೇಕೇ ಬೇಕು ಅಂತಾರೆ, ಯಾರನ್ನ ನಂಬೋದು?

ಎಂಜಿನಿಯರ್: ಇಬ್ಬರನ್ನೂ ನಂಬ್ಬೇಡಿ, ಲೆಕ್ಕ ಹಾಕಿ. ಗಂಟೆಗೆ ಎಷ್ಟು ಲೀಟರೋ ಅದನ್ನ ಪ್ರೆಷರಿನ ಬಾರ್‌ನಿಂದ ಗುಣಿಸಿ 36000ದಿಂದ ಭಾಗಿಸಿದ್ರೆ ಕಿಲೋವ್ಯಾಟ್ ಬರುತ್ತೆ. 2000 ಲೀಟರ್, 200 ಬಾರ್ ಅಂದ್ರೆ 11 ಚಿಲ್ರೆ, ಬೆಲ್ಟು ಗೇರು ಲಾಸ್ ಸೇರಿಸಿದ್ರೆ 13, ಹಾಗಾಗಿ 15 ಕಿಲೋವ್ಯಾಟ್ ಅಂದ್ರೆ 20 ಹೆಚ್‌ಪಿ. 10 ಹೆಚ್‌ಪಿ ಮೋಟರ್ 110 ಬಾರ್ ಆಸುಪಾಸಲ್ಲೇ ಉಸ್ಸಪ್ಪಾ ಅನ್ನುತ್ತೆ. ಎರಡು ಸ್ಟೇಜಿಂದೇ (ಹಾಲು ಒಂದಾದ್ಮೇಲೊಂದು ಎರಡು ವಾಲ್ವ್ ದಾಟೋದು) ತಗೊಳ್ಳಿ, ಒಟ್ಟು 200ರಲ್ಲಿ ಎರಡನೇ ಸ್ಟೇಜಿಗೆ 40–50 ಬಾರ್ ಬಿಡಿ, ಒಡೆದ ಕೊಬ್ಬಿನ ಕಣ ಮತ್ತೆ ಗುಂಪು ಕಟ್ಟಲ್ಲ. ಹಾಲು 60–70 ಡಿಗ್ರಿ ಇರ್ಬೇಕು. ಚಿಲ್ಲರ್‌ನಿಂದ ಸೀದಾ ತಣ್ಣಗೆ ಕೊಟ್ರೆ ಕರೆಂಟ್ ಬಿಲ್ಲು ಬರುತ್ತೆ ಅಷ್ಟೇ, ಕೊಬ್ಬು ಸರಿಯಾಗಿ ಒಡೆಯಲ್ಲ.

ಕುಣಿಗಲ್: ರೇಟ್ ಎಷ್ಟು ಸರ್?

ಎಂಜಿನಿಯರ್: ಮೇಡಂ. ಮೂರು ಕಡೆ ಕೊಟೇಶನ್ ತರಿಸ್ಕೊಳ್ಳಿ.

ಗೋಕಾಕ: ಮೇಡಂ ನಮ್ಮ ಮಷಿನ್ ಬಾಳ ಸಪ್ಪಳ ಮಾಡಾಕತ್ತೈತ್ರಿ, ಗೇಜಿನ ಮುಳ್ಳು ನಿಂತಲ್ಲೆ ನಿಲ್ಲವಲ್ದು. ಪ್ಲಂಜರ್ ಸುತ್ತ ಇರೋ ಪ್ಯಾಕಿಂಗಿಗೆ (ಸೀಲು) ತುಪ್ಪ ಸವರಿ ಗಟ್ಟಿ ಬಿಗೀರಿ ಅಂತ ಒಂದ್ ಮೆಸೇಜ್ ಬಂದೈತಿ, ಮಾಡ್ಲೇನ್ರಿ?

ಎಂಜಿನಿಯರ್: ಬೇಡ. ಪ್ಯಾಕಿಂಗ್ ಬಿಗಿದ್ರೆ ಪ್ಲಂಜರ್ (ಹಾಲು ತಳ್ಳೋ ರಾಡು) ಗೀರು ಬೀಳುತ್ತೆ, ಆಮೇಲೆ ಪ್ಯಾಕಿಂಗ್ ಜೊತೆ ಪ್ಲಂಜರನ್ನೂ ತರಿಸ್ಬೇಕಾಗುತ್ತೆ. ಮುಳ್ಳು ಕುಣೀತಿದೆ ಅಂದ್ರೆ ಒಳಗೆ ಗಾಳಿ ಹೋಗ್ತಿದೆ, ಇಲ್ಲಾ ಹಾಲು ಸಾಲ್ತಿಲ್ಲ. ಸಕ್ಷನ್ ಫಿಲ್ಟರ್ ತೊಳೀರಿ, ಯೂನಿಯನ್ ಗ್ಯಾಸ್ಕೆಟ್ ನೋಡಿ, ಒಳಬರೋ ಪ್ರೆಷರ್ 2–3 ಬಾರ್ ಇದೆಯಾ ನೋಡಿ. ಆಮೇಲೂ ಕುಣಿದ್ರೆ ಸಕ್ಷನ್ ಡೆಲಿವರಿ ವಾಲ್ವ್ ಬಿಚ್ಚಿಸಿ, ಸೀಟಲ್ಲಿ ಕಚ್ಚಿದ ಗುರುತು ಇರುತ್ತೆ.

ತಿಪಟೂರು: ಮೇಡಂ ನಮ್ದು 5000 ಲೀಟರ್ ಪ್ಲಾಂಟು. ಸೆಕೆಂಡ್ ಹ್ಯಾಂಡಲ್ಲಿ 6500 ಲೀಟರ್ ಹೋಮೋಜಿನೈಜರ್ ಕಮ್ಮಿಗೆ ಸಿಕ್ತು, ಹಾಕ್ಸಿದ್ವಿ. ಈಗ ಗಂಟೆಗೆ ಸಾವಿರದೈನೂರು ಲೀಟರ್ ಜಾಸ್ತಿ ಓಡ್ತಿದೆ, ಒಳ್ಳೇದೇ ಆಯ್ತು. ಲ್ಯಾಬ್ ಹುಡುಗ ಮಾತ್ರ ಆಗಾಗ ಫಾಸ್ಫಟೇಸ್ ಟೆಸ್ಟ್ (ಹಾಲು ಸರಿಯಾಗಿ ಪಾಶ್ಚರೈಸ್ ಆಗಿದೆಯಾ ನೋಡೋದು) ಪಾಸಿಟಿವ್ ಬರ್ತಿದೆ ಅಂತಾನೆ, ಕೆಮಿಕಲ್ ಹಳೇದಾಗಿದೆ ಅನ್ಸುತ್ತೆ. ಯಾವ ಕಂಪನಿದು ತರಿಸ್ಲಿ?

ಎಂಜಿನಿಯರ್: ಮಿಕ್ಕವರು ಸ್ವಲ್ಪ ತಡೀರಿ. ತಿಪಟೂರಿನವರೇ, ಮಷಿನ್ ಎಲ್ಲಿ ಕೂರಿಸಿದೀರಿ? ಬೈಪಾಸ್ ಲೈನ್, ಅಂದ್ರೆ ಹೆಚ್ಚಾದ ಹಾಲು ಮಷಿನ್ ಮುಂದಿಂದ ಹಿಂದಕ್ಕೆ ಸುತ್ತಿ ಬರೋ ಪೈಪು, ಇದೆಯಾ?

ತಿಪಟೂರು: ರೀಜನರೇಷನ್ (ಬಿಸಿ ಹಾಲಿನ ಶಾಖದಿಂದ ತಣ್ಣನೆ ಹಾಲು ಬಿಸಿ ಮಾಡೋದು) ಆದ್ಮೇಲೆ, ಹೀಟಿಂಗಿಗೆ ಮುಂಚೆ. ಬೈಪಾಸ್ ಇತ್ತು, ಹಾಲು ಸುಮ್ನೆ ಸುತ್ತುತ್ತೆ ಅಂತ ಫಿಟ್ಟರ್ ಬ್ಲೈಂಡ್ (ಪೈಪ್ ಮುಚ್ಚೋ ತಟ್ಟೆ) ಹಾಕಿದಾನೆ. ಮಷಿನ್ನಿಗೆ ಹಾಲು ಸಾಲದೆ ಒದ್ದಾಡ್ತಿತ್ತು, ಅದಕ್ಕೆ ಫ್ಲೋ ಕಂಟ್ರೋಲ್ ಪೂರ್ತಿ ಬಿಟ್ವಿ.

ಎಂಜಿನಿಯರ್: ಕೆಮಿಕಲ್ ಬಿಡಿ, ನಿಮ್ಮ ಹಾಲೇ ಪೂರ್ತಿ ಪಾಶ್ಚರೈಸ್ ಆಗ್ತಿಲ್ಲ. ಹೋಮೋಜಿನೈಜರ್ ಅಂದ್ರೆ ಸುಮ್ನೆ ಪಂಪ್ ಅಲ್ಲ, ಪ್ಲಂಜರ್ ಒಂದ್ಸಲ ಹೋಗಿ ಬಂದ್ರೆ ಅಳತೆ ಹಾಲು ತಳ್ಳೇ ತಳ್ಳುತ್ತೆ, ನಿಮ್ಮ ಹೋಲ್ಡಿಂಗ್ ಟ್ಯೂಬ್ ಎಷ್ಟುದ್ದ ಅಂತ ಅದಕ್ಕೇನು ಗೊತ್ತು. 5000ಕ್ಕೆ ಅಳತೆ ಮಾಡಿದ ಟ್ಯೂಬಲ್ಲಿ 72 ಡಿಗ್ರಿಲಿ 15 ಸೆಕೆಂಡ್ ನಿಲ್ಬೇಕಾದ ಹಾಲು ಈಗ ಹನ್ನೊಂದೂವರೆ ಸೆಕೆಂಡಿಗೆ ಆಚೆ ಬರ್ತಿದೆ. ರೆಕಾರ್ಡರಲ್ಲಿ 72 ಕಾಣುತ್ತೆ, ಎಫ್‌ಡಿವಿನೂ (ಬಿಸಿ ಸಾಲದ ಹಾಲನ್ನ ವಾಪಸ್ ತಿರುಗಿಸೋ ವಾಲ್ವ್) ಸುಮ್ನಿರುತ್ತೆ, ಯಾಕಂದ್ರೆ ಅದು ನೋಡೋದು ಟೆಂಪರೇಚರ್ ಮಾತ್ರ, ಟೈಮಲ್ಲ. ಇದನ್ನ ಹಿಡಿದಿರೋದು ನಿಮ್ಮ ಲ್ಯಾಬ್ ಹುಡುಗ ಒಬ್ಬನೇ, ಅವನ ಮಾತು ಕೇಳಿ.

ಈಗಲೇ ಹಾಲು ಪ್ಯಾಕಿಂಗ್ ನಿಲ್ಸಿ. ಸೈಲೋ ಟ್ಯಾಂಕಲ್ಲಿರೋ ಹಾಲು ಕಳಿಸ್ಬೇಡಿ, ಹೋಮೋಜಿನೈಜರ್ ಲೈನಿಂದ ತೆಗೆದು 5000ಕ್ಕೆ ಫ್ಲೋ ಕಟ್ಟಿ ಇನ್ನೊಂದ್ಸಲ ಪಾಶ್ಚರೈಸ್ ಮಾಡಿ. ಕೆನೆ ಮೇಲೆ ಬಂದ್ರೆ ಬರ್ಲಿ, ಯಾರೂ ಸಾಯಲ್ಲ. ಆಮೇಲೆ ಮೋಟರ್ ಪುಲ್ಲಿ ಬದಲಾಯ್ಸಿ, ಈಗಿರೋ ಅಡ್ಡಳತೆಯ ಮುಕ್ಕಾಲು ಭಾಗ, ಸ್ಪೀಡ್ ಕಮ್ಮಿ ಆದಷ್ಟು ಲೀಟರೂ ಕಮ್ಮಿ. ವಿಎಫ್‌ಡಿ (ಮೋಟರ್ ಸ್ಪೀಡ್ ಕಮ್ಮಿ ಜಾಸ್ತಿ ಮಾಡೋ ಡ್ರೈವ್) ಹಾಕೋದಾದ್ರೆ ಆ ಸ್ಪೀಡಲ್ಲಿ ಕ್ರ್ಯಾಂಕಿಗೆ ಆಯಿಲ್ ಏರುತ್ತಾ ಮೊದಲು ಕೇಳ್ಕೊಳ್ಳಿ. ಬ್ಲೈಂಡ್ ತೆಗೆದು ಬೈಪಾಸ್ ವಾಪಸ್ ಹಾಕಿ. ಎಲ್ಲಾ ಆದ್ಮೇಲೆ ನೀರು ಓಡಿಸಿ, ಉಪ್ಪುನೀರು ಬಿಟ್ಟು ಕಂಡಕ್ಟಿವಿಟಿ ಮೀಟರಲ್ಲಿ ಹೋಲ್ಡಿಂಗ್ ಟೈಮ್ ಅಳೆಸಿ. ಅಳೆಯದೆ ಹಾಲು ಬಿಡ್ಬೇಡಿ.

ದಾವಣಗೆರೆ: ಮೇಡಂ ಐಸ್‌ಕ್ರೀಂ ಮಿಕ್ಸಿಗೆ ಎಷ್ಟು ಬಾರ್?

ಪುತ್ತೂರು: ಇದೆಲ್ಲಾ ಯಾಕೆ ಬೇಕು? ಹೋಮೋಜಿನೈಸ್ಡ್ ಹಾಲು ಕುಡಿದ್ರೆ ಹಾರ್ಟ್ ಅಟ್ಯಾಕ್ ಗ್ಯಾರಂಟಿ ಅಂತ ಡಾಕ್ಟ್ರೇ ಹೇಳಿರೋ ಮೆಸೇಜ್ ಕೆಳಗೆ ಹಾಕಿದೀನಿ, ಓದಿ.

ಎಂಜಿನಿಯರ್: 1970ರ ಕಾಲದ ಕ್ಸಾಂಥೀನ್ ಆಕ್ಸಿಡೇಸ್ (ಹಾಲಲ್ಲಿರೋ ಒಂದು ಕಿಣ್ವ) ಕಥೆ ಅದು, ಆಮೇಲಿನ ಸಂಶೋಧನೆಯಲ್ಲಿ ನಿಲ್ಲಲಿಲ್ಲ. ದಯವಿಟ್ಟು ಇಲ್ಲಿ ಹಾಕ್ಬೇಡಿ.

ಪುತ್ತೂರು: ಕಂಪನಿಯವ್ರು ಹಾಗೇ ಹೇಳೋದು. ನಮ್ಮ ಕಡೆ ಕೆನೆ ಬರದ ಹಾಲು ಹಾಲೇ ಅಲ್ಲ.

ಮಾಲೂರು: ನಿಮ್ಮ ಕಡೆ ಹಾಗಿರ್ಬಹುದು. ಟೀ ಅಂಗಡಿಯವ್ರು ಇದೇ ಬೇಕು ಅಂತಾರೆ, ಕಮ್ಮಿ ಹಾಲಿಗೆ ಟೀ ಬೆಳ್ಳಗಾಗುತ್ತೆ.

ಪುತ್ತೂರು: ಬಿಳಿ ಮಾಡೋಕೆ ಸುಣ್ಣ ಹಾಕಿ ಹಾಗಾದ್ರೆ.

ಮಾಲೂರು: ಹಾಲು ಮಾರಿ ಗೊತ್ತಾ ನಿಮ್ಗೆ, ಬರೀ ಫಾರ್ವರ್ಡ್ ಮಾಡೋದಾ?

ಕುಣಿಗಲ್: ಅಂದಾಜು ರೇಟ್ ಆದ್ರೂ ಹೇಳಿ

ಎಂಜಿನಿಯರ್: ಮೇಲೆ ಹೇಳಿದೀನಿ.

ಸಿಂಧನೂರು: ಪನ್ನೀರಿಗೂ ಹೋಮೋಜಿನೈಸ್ ಮಾಡ್ಬೇಕಾ ಮೇಡಂ? ಹಾಲು ಬೇಗ ಹುಳಿ ಆಗ್ತಿದ್ರೆ ಚಿಟಿಕೆ ಸೋಡಾ ಹಾಕಿ ಓಡ್ಸಿ ಅಂತ ಒಬ್ರು ಕಳ್ಸಿದ್ರು.

ಎಂಜಿನಿಯರ್: ಪನ್ನೀರಿಗೆ ಬೇಡ, ಮೆತ್ತಗಾಗಿ ಪುಡಿ ಪುಡಿ ಆಗುತ್ತೆ. ಸೋಡಾ ಹಾಕೋದು ಕಲಬೆರಕೆ, ಚಿಟಿಕೆ ಆದ್ರೂ ಅಷ್ಟೇ ಸೇರು ಆದ್ರೂ ಅಷ್ಟೇ. ಕಳ್ಸಿದವರನ್ನ ಬ್ಲಾಕ್ ಮಾಡಿ.

ದಾವಣಗೆರೆ: ಐಸ್‌ಕ್ರೀಂ ಮೇಡಂ??

ಅಡ್ಮಿನ್: ಪುತ್ತೂರು, ಮಾಲೂರು ಇಬ್ಬರೂ ಪರ್ಸನಲ್ಲಾಗಿ ಜಗಳ ಆಡ್ಕೊಳ್ಳಿ, ಇಲ್ಲಿ ಸಾಕು.

ಪುತ್ತೂರು: ಸತ್ಯ ಹೇಳಿದ್ರೆ ಜಗಳ.

ತಿಪಟೂರು: ಮೇಡಂ ಪ್ಯಾಕಿಂಗ್ ನಿಲ್ಸಿದ್ವಿ. ಫಿಟ್ಟರ್ ಬಂದಿದಾನೆ, ಬೈಪಾಸಿಗೆ ಒಂದು ಬಟರ್‌ಫ್ಲೈ ವಾಲ್ವ್ ಇಟ್ಬಿಡ್ತೀನಿ, ಬೇಕಾದಾಗ ಮುಚ್ಕೊಳ್ಬಹುದು ಅಂತಾನೆ.

ಎಂಜಿನಿಯರ್: ಬೇಡ. ಮುಚ್ಚೋ ವಾಲ್ವ್ ಇದ್ರೆ ನೈಟ್ ಶಿಫ್ಟಲ್ಲಿ ಯಾರೋ ಮುಚ್ತಾರೆ. ಬರೀ ಪೈಪು. ಹಾಕಿದ್ಮೇಲೆ ಫೋಟೋ ಕಳ್ಸಿ, ನಾನು ನೋಡ್ದೆ ಮಷಿನ್ ಶುರು ಮಾಡ್ಬೇಡಿ.