ಸ್ಕ್ರೀನ್ ಪದೇ ಪದೇ ಕಪ್ಪಾಗುತ್ತಿದೆ: ಡ್ರೈವರ್ ಕಾಟವೋ, ಕಾರ್ಡೇ ಹೋಗಿದೆಯೋ?

ಹಳೇಕೀಬೋರ್ಡ್:
ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 11, ಎರಡು ಮಾನಿಟರ್. ದೀಪಾವಳಿವರೆಗೂ ಕಮಕ್ ಕಿಮಕ್ ಅನ್ನದೆ ಓಡುತ್ತಿತ್ತು. ಹೊಸ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಬಂದಿದೆ ಅಂತ ಮೂಲೆಯಲ್ಲಿ ತೋರಿಸುತ್ತಲೇ ಇತ್ತು, ಹಾಕಿದೆ, ಅಲ್ಲಿಂದ ಶುರು. ಬ್ರೌಸರ್‌ನಲ್ಲಿ ವಿಡಿಯೋ ಓಡುತ್ತಿರುವಾಗ ಎರಡೂ ಸ್ಕ್ರೀನ್ ಕಪ್ಪಾಗುತ್ತವೆ, ಆಡಿಯೋ ಮಾತ್ರ ಬರುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಚಿತ್ರ ವಾಪಸ್ ಬರುತ್ತದೆ, ಆದರೆ ಬ್ರೌಸರ್ ಮಾತ್ರ ಸುಣ್ಣ ಬಳಿದ ಗೋಡೆ ಥರ ಬೆಳ್ಳಗೆ ನಿಂತಿರುತ್ತದೆ. ಒಮ್ಮೊಮ್ಮೆ ಬರುವುದೇ ಇಲ್ಲ, ಪವರ್ ಬಟನ್ ಒತ್ತಿ ಹಿಡಿಯಬೇಕು.

ಹಿಂದಿನ ಡ್ರೈವರ್‌ಗೆ ಮರಳುವ ರೋಲ್ ಬ್ಯಾಕ್ ಬಟನ್ ಮಸುಕಾಗಿದೆ, ಒತ್ತಲು ಆಗುವುದಿಲ್ಲ. ಹಳೇ ಡ್ರೈವರ್ ಹುಡುಕಿ ಹಾಕಿದರೆ ಅಪ್‌ಡೇಟ್ ನೆಪದಲ್ಲಿ ಹೊಸದೇ ಮತ್ತೆ ಬಂದು ಕೂರುತ್ತದೆ. ಕಂಪನಿಗೆ ಮೇಲ್ ಮಾಡಿದರೆ "ಲೇಟೆಸ್ಟ್ ಡ್ರೈವರ್ ಹಾಕಿಕೊಳ್ಳಿ" ಅಂತ ಉತ್ತರ. ಅದರಿಂದಲೇ ತಾನೇ ಸ್ವಾಮಿ ತೊಂದರೆ! ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ ಅನ್ನುತ್ತಾರೆ. ಮಾಡಿಸಲಾ?

ಮಲ್ನಾಡ್_ಮದರ್‌ಬೋರ್ಡ್:
ಫಾರ್ಮ್ಯಾಟ್ ಸುಮ್ನೆ ಬೇಡ ಗುರು. ಮೊದಲು ವಿಂಡೋಸ್ ತನ್ನ ದಾಖಲೆ ಇಡುವ ಈವೆಂಟ್ ವ್ಯೂವರ್ ತೆಗೆದು ಸಿಸ್ಟಮ್ ಲಾಗ್‌ನಲ್ಲಿ 4101 (ಡಿಸ್‌ಪ್ಲೇ ಡ್ರೈವರ್ ನಿಂತು ಚೇತರಿಸಿಕೊಂಡಿತು ಅನ್ನುವ ನಮೂದು) ಇದೆಯಾ ನೋಡಿ. ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಕೊಟ್ಟು ವಿಂಡೋಸ್ 2 ಸೆಕೆಂಡ್ ಕಾಯುತ್ತದೆ, ಉತ್ತರ ಬರದಿದ್ದರೆ ಡ್ರೈವರ್ ಅನ್ನು ರೀಸೆಟ್ ಮಾಡುತ್ತದೆ. ನೀವು ನೋಡಿದ ಕಪ್ಪು ಸ್ಕ್ರೀನ್ ಅದೇ ಇರಬೇಕು. 4101 ಇಲ್ಲದೆ ಬರೀ ಕರ್ನಲ್ ಪವರ್ 41 (ಸರಿಯಾಗಿ ಶಟ್ ಡೌನ್ ಆಗದೆ ಆಫ್ ಆಯಿತು ಅನ್ನುವ ನಮೂದು) ಇದ್ದರೆ ಕಥೆ ಬೇರೆ, ಪವರ್ ಸಪ್ಲೈ ಕಡೆ ನೋಡಬೇಕು. ರಿಜಿಸ್ಟ್ರಿಯಲ್ಲಿ ಆ 2 ಸೆಕೆಂಡನ್ನು ಜಾಸ್ತಿ ಮಾಡಿ ಅಂತ ಯೂಟ್ಯೂಬ್‌ನಲ್ಲಿ ಹೇಳುವವರಿದ್ದಾರೆ. ವಿಡಿಯೋ ನೋಡುವಾಗ ಹೀಗಾಗುತ್ತಿದ್ದರೆ ಅದರಿಂದ ಏನು ಬಂತು, ಇನ್ನಷ್ಟು ಹೊತ್ತು ಕಪ್ಪು ನೋಡುತ್ತಾ ಕೂರುತ್ತೀರಿ ಅಷ್ಟೇ.

ಅಂದಹಾಗೆ ಪವರ್ ಬಟನ್‌ಗೆ ಹೋಗುವ ಮುಂಚೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಬೀಪ್ ಅಂದು ಸ್ಕ್ರೀನ್ ವಾಪಸ್ ಬಂದರೂ ಬರಬಹುದು.

ಹಳೇಕೀಬೋರ್ಡ್:
ನೋಡಿದೆ. 4101 ಸಾಲು ಸಾಲಾಗಿ ನಿಂತಿವೆ, 41 ಅಲ್ಲೊಂದು ಇಲ್ಲೊಂದು.

ಪಿಕ್ಸೆಲ್_ಪುಟ್ಟಿ:
ಆ 41 ನೀವು ಬಟನ್ ಒತ್ತಿ ಆಫ್ ಮಾಡಿದ್ದಕ್ಕೆ ಬಂದಿರುತ್ತವೆ, ಸಮಯ ಹೋಲಿಸಿ ನೋಡಿ.

ಬ್ರೌಸರ್ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ (ವಿಡಿಯೋ ಕೆಲಸವನ್ನು ಸಿಪಿಯು ಬದಲು ಗ್ರಾಫಿಕ್ಸ್ ಕಾರ್ಡ್‌ಗೆ ಕೊಡುವುದು) ಆಫ್ ಮಾಡಿ ಒಂದು ದಿನ ಬಿಡಿ. ಕಪ್ಪಾಗುವುದು ನಿಂತರೆ ಡ್ರೈವರ್‌ನ ವಿಡಿಯೋ ಡಿಕೋಡ್ ಭಾಗದ ಮೇಲೆ ಅನುಮಾನ ಜಾಸ್ತಿ ಆಗುತ್ತದೆ. ಆದರೆ ಕಾರ್ಡ್ ಪೂರ್ತಿ ನಿರ್ದೋಷಿ ಅಂತಲೂ ಅಲ್ಲ, ಸೆಕೆಂಡ್ ಹ್ಯಾಂಡ್ ಅಲ್ವಾ. ಮದರ್‌ಬೋರ್ಡ್ ಸ್ಲಾಟ್‌ನಿಂದ ಕಾರ್ಡ್‌ಗೆ ಸಿಗುವುದು 75 ವ್ಯಾಟ್, ಮಿಕ್ಕಿದ್ದೆಲ್ಲ ಕೇಬಲ್‌ನಿಂದ ಬರಬೇಕು. 8 ಪಿನ್ ಕನೆಕ್ಟರ್ ಒಂದಕ್ಕೆ 150 ವ್ಯಾಟ್ ಲೆಕ್ಕ. ಕಾರ್ಡ್‌ನಲ್ಲಿ ಅಂಥವು ಎರಡಿದ್ದು, ಒಂದೇ ಕೇಬಲ್‌ನ ಕವಲು ತಂದು ಎರಡಕ್ಕೂ ಚುಚ್ಚಿದ್ದರೆ ಬೇರೆ ಬೇರೆ ಕೇಬಲ್ ಹಾಕಿ.

ಮಲ್ನಾಡ್_ಮದರ್‌ಬೋರ್ಡ್:
ಆಮೇಲೆ ಡಿಡಿಯು, ಅಂದರೆ ಹಳೇ ಡಿಸ್‌ಪ್ಲೇ ಡ್ರೈವರ್‌ನ ಕುರುಹನ್ನೆಲ್ಲ ಅಳಿಸುವ ಸಾಫ್ಟ್‌ವೇರ್. ಹಳೇ ಡ್ರೈವರ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನೆಟ್ ಕೇಬಲ್ ಕಿತ್ತುಬಿಡಿ, ಸೇಫ್ ಮೋಡ್‌ನಲ್ಲಿ (ಅಗತ್ಯದ ಡ್ರೈವರ್‌ಗಳಷ್ಟೇ ಓಡುವ ವಿಂಡೋಸ್ ಸ್ಥಿತಿ) ಎಲ್ಲಾ ಅಳಿಸಿ, ಮಾಮೂಲಿ ಮೋಡ್‌ಗೆ ಬಂದು ಹಳೆಯದನ್ನು ಹಾಕಿ. ನೆಟ್ ಕೀಳುವುದು ಮರೆತರೆ ರೀಸ್ಟಾರ್ಟ್ ಆಗುವಷ್ಟರಲ್ಲಿ ವಿಂಡೋಸ್ ತನಗೆ ತೋಚಿದ್ದನ್ನು ಹಾಕಿಬಿಡಬಹುದು. ಅಪ್‌ಡೇಟ್‌ನಿಂದ ಡ್ರೈವರ್ ಬರದ ಹಾಗೆ ತಡೆಯುವ ಆಯ್ಕೆಯೂ ಡಿಡಿಯುನಲ್ಲೇ ಇದೆ, ಟಿಕ್ ಮಾಡಿ. ಹಾಗಂತ ವರ್ಷಗಟ್ಟಲೆ ಹಳೆಯದರಲ್ಲೇ ಇರಬೇಡಿ, ಡ್ರೈವರ್‌ಗಳಲ್ಲೂ ಸೆಕ್ಯೂರಿಟಿ ತೂತುಗಳು ಇರುತ್ತವೆ. ಮುಂದಿನದು ಬಂದಾಗ ರಿಲೀಸ್ ನೋಟ್ಸ್ ಓದಿ, ಬೇರೆಯವರು ಹಾಕಿ ಬೈದುಕೊಳ್ಳುವುದು ಮುಗಿದ ಮೇಲೆ ನೀವು ಹಾಕಿ.

ಹಳೇಕೀಬೋರ್ಡ್:
ಕೇಬಲ್ ಬೇರೆ ಬೇರೆಯೇ ಇವೆ. ಆಕ್ಸಿಲರೇಷನ್ ಆಫ್ ಮಾಡಿದ ಮೇಲೆ ಕಪ್ಪಾಗಿಲ್ಲ, ಆದರೆ ಸಿಪಿಯು ಫ್ಯಾನ್ ಮಿಕ್ಸಿ ತಿರುಗಿಸಿದಷ್ಟು ಸದ್ದು ಮಾಡುತ್ತಿದೆ. ಭಾನುವಾರ ಡಿಡಿಯು ಮಾಡುತ್ತೇನೆ. ಸೇಫ್ ಮೋಡ್‌ಗೆ ಹೋಗುವ ಮುಂಚೆ ಬೇರೇನಾದರೂ ನೋಡಿಕೊಳ್ಳಬೇಕಾ?

ಪಿಕ್ಸೆಲ್_ಪುಟ್ಟಿ:
ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು, ಮೊದಲೇ ಬರೆದಿಟ್ಟುಕೊಳ್ಳಿ. ಸೇಫ್ ಮೋಡ್‌ನಲ್ಲಿ ಲಾಗಿನ್ ಪಿನ್ ನಡೆಯದೆಯೂ ಇರಬಹುದು, ಅಕೌಂಟ್ ಪಾಸ್‌ವರ್ಡ್ ಕೈಯಲ್ಲಿರಲಿ.