ಪದಚರ್ಚೆ: ‘ಮೆಚ್ಯೂರಿಟಿ’ಗೆ ಪ್ರಬುದ್ಧತೆಯೋ, ಪಕ್ವತೆಯೋ?

ಪ್ರಶ್ನೆ:
ಬಲ್ಲವರು ದಯವಿಟ್ಟು ಇಂದೇ ತಿಳಿಸಿ. ಐಟಿ ಸೇವಾ ತಂಡವೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಗ್ಗೆ ಮುದ್ರಣಕ್ಕೆ ಹೋಗಬೇಕು. ‘ಮೆಚ್ಯೂರಿಟಿ ಲೆವೆಲ್’ಗೆ ‘ಪ್ರಬುದ್ಧತೆಯ ಮಟ್ಟ’ ಎಂದು ಬರೆದಿದ್ದೆ. ಕರಡಿನಲ್ಲಿ ‘ನಮ್ಮ ತಂಡದ ಪ್ರಬುದ್ಧತೆ: ಮಟ್ಟ 1’ ಎಂಬ ಸಾಲನ್ನು ಓದಿದ ತಂಡದ ಹಿರಿಯರೊಬ್ಬರ ಮುಖ ಸಣ್ಣದಾಯಿತು. ‘ಇಷ್ಟು ವರ್ಷ ದುಡಿದ ಮೇಲೂ ನಾವು ಅಪ್ರಬುದ್ಧರೇ?’ ಎಂದು ಕೇಳಿದರು. ಉತ್ತರ ತೋಚಲಿಲ್ಲ. ಇನ್ನೊಂದು, ‘ಇನ್ಸಿಡೆಂಟ್’ ಮತ್ತು ‘ಪ್ರಾಬ್ಲಮ್’. ಎರಡಕ್ಕೂ ‘ಸಮಸ್ಯೆ’ ಎಂದೇ ಬರೆಯುತ್ತಿದ್ದೇನೆ, ಅದು ತಪ್ಪೆಂದು ಗೊತ್ತು.

ಉತ್ತರ 1:
ಪ್ರಬುದ್ಧತೆ ಸಲ್ಲದು. ಬುಧ್ ಧಾತುವಿಗೆ ಎಚ್ಚರಗೊಳ್ಳುವ, ಅರಿಯುವ ಅರ್ಥ. ಅರಿಯುವವನು ಮನುಷ್ಯ, ಪ್ರಕ್ರಿಯೆಯಲ್ಲ. ಬೇಯುವ, ಮಾಗುವ ಅರ್ಥದ ಪಚ್ ಧಾತುವಿನ ‘ಪಕ್ವತೆ’ ಬಳಸಿ, ಅಚ್ಚಗನ್ನಡವೇ ಬೇಕಿದ್ದರೆ ‘ಮಾಗುವಿಕೆ’. ಮುಗಿಯಿತು.

ಉತ್ತರ 2:
ಮುಗಿಯುವುದೇ ಅಲ್ಲಿರುವ ತೊಡಕು. ಬೆಂದದ್ದು ಬೆಂದಾಯಿತು; ಮಾಗಿದ ಹಣ್ಣಿಗೆ ಉಳಿದಿರುವುದು ಕೊಳೆಯುವುದೊಂದೇ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ 5 ಮಟ್ಟಗಳ ಮಾದರಿಯನ್ನು ನೋಡಿ. 1ನೆಯ ಮಟ್ಟದಲ್ಲಿ ಕೆಲಸ ಸಾಗುವುದು ಯಾರೋ ಒಬ್ಬರ ಜಾಣ್ಮೆಯಿಂದ. ಅವರು ರಜೆ ಹಾಕಿದರೆ ಎಲ್ಲ ನಿಂತಿತು. 2ರಲ್ಲಿ ಹಿಂದೆ ಕೈಹಿಡಿದ ಕ್ರಮವನ್ನು ಮತ್ತೆ ನಡೆಸಬಲ್ಲರು. 3ರಲ್ಲಿ ಅದು ಬರಹಕ್ಕಿಳಿದು ಇಡೀ ಸಂಸ್ಥೆಯದಾಗುತ್ತದೆ, 4ರಲ್ಲಿ ಅಳತೆಗೆ ಸಿಗುತ್ತದೆ. 5ರಲ್ಲಿ ಆ ಅಳತೆಯನ್ನು ಹಿಡಿದು ತಿದ್ದುತ್ತಲೇ ಇರುವುದು. ಕೊನೆಯ ಮಟ್ಟಕ್ಕೆ ಕೊನೆಯಿಲ್ಲ, ಹಾಗಾಗಿ ಹಣ್ಣಿನ ಹೋಲಿಕೆ ಇಲ್ಲಿ ನಿಲ್ಲದು.

‘ಪಳಗು’ ಇದೆಯಲ್ಲ! ಪಳಗಿದ ಕೈ ಎನ್ನುತ್ತೇವೆ. ಮಾಡಿ ಮಾಡಿ ಬಂದದ್ದು ಎಂಬ ಅರ್ಥ ಅದರ ಹೊಟ್ಟೆಯಲ್ಲೇ ಇದೆ. ಪಕಾರ ಹಕಾರವಾದ ಕಾಲವನ್ನು ದಾಟಿಯೂ ತನ್ನ ‘ಪ’ವನ್ನು ಉಳಿಸಿಕೊಂಡ ಪದ, ತಮಿಳಿನಲ್ಲೂ ಇದರ ಒಡಹುಟ್ಟು ಇದೆ. ‘ಪ್ರಕ್ರಿಯೆಯ ಪಳಗಿಕೆ: ಮಟ್ಟ 1’ ಎಂದು ಬರೆಯಿರಿ. ತಂಡವನ್ನು ಆ ಸಾಲಿನಿಂದ ತೆಗೆದುಬಿಡಿ. ಅಳೆಯುತ್ತಿರುವುದು ಕೆಲಸದ ಕ್ರಮವನ್ನು. ಆ ಹಿರಿಯರಿಗೆ ನೋವಾದದ್ದು ಸರಿಯಾಗಿಯೇ ಇದೆ.

ಇನ್ಸಿಡೆಂಟ್‌ಗೆ ‘ಘಟನೆ’ ಬೇಡ, ಅದನ್ನು ‘ಇವೆಂಟ್’ಗೆ ಉಳಿಸಿಕೊಳ್ಳಬೇಕು. ಸರ್ವರ್ ಪ್ರತಿ ಸೋಮವಾರ ಬೆಳಗ್ಗೆ ನಿಂತುಹೋಗುತ್ತದೆ ಎನ್ನಿ. ಮರುಚಾಲನೆ ಮಾಡಿ ಟಿಕೆಟ್ (ದೂರಿನ ದಾಖಲೆ) ಮುಚ್ಚುತ್ತಾರೆ. ಮುಂದಿನ ಸೋಮವಾರ ಮತ್ತದೇ ಟಿಕೆಟ್. ಹೀಗೆ ಸೇವೆ ನಿಂತದ್ದು, ಕುಂಟಿದ್ದು ಇನ್ಸಿಡೆಂಟ್. ತಂತ್ರಾಂಶದಲ್ಲಿ ಕುಳಿತು ಮೆಮೊರಿಯನ್ನು ಸೋರಿಸುತ್ತಿರುವ ದೋಷ ಪ್ರಾಬ್ಲಮ್. ಎರಡಕ್ಕೂ ‘ಸಮಸ್ಯೆ’ ಎಂದರೆ, ಮರುಚಾಲನೆಯಾದೊಡನೆ ಸಮಸ್ಯೆ ಬಗೆಹರಿಯಿತೆಂದು ಓದುಗ ನಂಬುತ್ತಾನೆ. ಪತ್ರಿಕೆಗಳು ‘ವಿದ್ಯುತ್ ವ್ಯತ್ಯಯ’ ಎಂದು ಬರೆಯುತ್ತವೆ. ‘ಸೇವಾ ವ್ಯತ್ಯಯ’ ಎಲ್ಲರಿಗೂ ತಿಳಿಯುತ್ತದೆ. ಪ್ರಾಬ್ಲಮ್‌ಗೆ ‘ಮೂಲದೋಷ’.

ಉತ್ತರ 1:
‘ಪಳಗಿಸು’ ಆನೆಗೆ, ಎತ್ತಿಗೆ ಹೇಳುವ ಮಾತು. ಅಚ್ಚಗನ್ನಡದ ಹಟ ಹಿಡಿದವರು ಎರಡನೆಯ ಪ್ಯಾರಾ ಮುಗಿಯುತ್ತಲೇ ‘ವ್ಯತ್ಯಯ’ಕ್ಕೆ ಬಂದರು. ಅದು ಸಂಸ್ಕೃತ. ನೀತಿ ಒಂದಿರಲಿ.

ಉತ್ತರ 2:
ಹಟ ಹಿಡಿದಿಲ್ಲ. ‘ಸರ್ವರ್’, ‘ಟಿಕೆಟ್’ ಎಂದೂ ಬರೆದಿದ್ದೇನೆ. ಪದ ಎಲ್ಲಿಂದ ಬಂತೆಂದು ಕೇಳುವವನಲ್ಲ. ರಾತ್ರಿ ಪಾಳಿಯಲ್ಲಿ ಕೈಪಿಡಿ ತೆರೆದವರಿಗೆ ಒಂದೇ ಓದಿಗೆ ತಿಳಿಯಬೇಕು. ಆನೆಯನ್ನು ಪಳಗಿಸುವುದು ಸಕರ್ಮಕ. ಕೈ ತಾನಾಗಿ ಪಳಗುತ್ತದೆ.

ಉತ್ತರ 3:
ಇಷ್ಟೆಲ್ಲ ಏಕೆ? ‘ಇನ್ಸಿಡೆಂಟ್’ ಎಂದೇ ಬಿಡಿ. ಕಚೇರಿಯಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಾರೆ.

ಉತ್ತರ 2:
ಅನ್ನುತ್ತಾರೆ, ಆದರೆ ಪ್ರಾಬ್ಲಮ್‌ಗೂ ಇನ್ಸಿಡೆಂಟ್ ಎಂದೇ ಅನ್ನುತ್ತಾರೆ. ಆ ಗೊಂದಲವನ್ನು ಬಿಡಿಸಲೆಂದೇ ಇವರು ಕೈಪಿಡಿ ಬರೆಯುತ್ತಿರುವುದು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ವಂದನೆ. ಕಡತವನ್ನು ಈಗಷ್ಟೇ ಮುದ್ರಣಕ್ಕೆ ಕಳುಹಿಸಿದೆ. ‘ಪಳಗಿಕೆ’ ಎಂಬ ನಾಮಪದಕ್ಕೆ ಧೈರ್ಯ ಬರಲಿಲ್ಲ. ‘ಪ್ರಕ್ರಿಯೆ ಎಷ್ಟು ಪಳಗಿದೆ? ಮಟ್ಟ 1’ ಎಂದು ಕ್ರಿಯಾಪದವನ್ನೇ ಇಟ್ಟಿದ್ದೇನೆ. ವ್ಯತ್ಯಯ, ಮೂಲದೋಷ ಎರಡನ್ನೂ ತೆಗೆದುಕೊಂಡೆ. ಆ ಹಿರಿಯರಿಗೆ ಹೊಸ ಸಾಲನ್ನು ತೋರಿಸಿದಾಗ, ‘ಹೌದು, ಇದು ಇನ್ನೂ ಪಳಗಿಲ್ಲ’ ಎಂದು ತಾವೇ ಒಪ್ಪಿದರು.

ಎರಡನೆಯ ಭಾಗಕ್ಕೆ ಈಗಲೇ ಕೇಳಿಬಿಡುತ್ತೇನೆ. ಐಟಿ ಸೇವೆಗಳ ನಿರ್ವಹಣೆಗೆ ಮಾರ್ಗಸೂಚಿಯಾದ ಐಟಿಐಎಲ್‌ನ, 2019ರಲ್ಲಿ ಬಂದ 4ನೆಯ ಆವೃತ್ತಿಯಲ್ಲಿ ‘ಪ್ರೋಸೆಸ್’ ಇದ್ದ ಕಡೆ ‘ಪ್ರಾಕ್ಟಿಸ್’ ಬಂದಿದೆ, ಅಂಥವು 34. ‘ಪರಿಪಾಠ’ ಎನ್ನಬಹುದೇ?